ಜಿಪ್ ತೆರೆಯದೆ ಹೊಲಿದ ಕವರು

ನಲವತ್ತು ದಾಟಿದ ಹೆಂಗಸನ್ನು ಮನೆಮಂದಿಯೆಲ್ಲ ಇನ್ನೂ ಪುಟ್ಟಿ ಅಂತಲೇ ಕರೆಯುತ್ತಿದ್ದರೆ ಅವಳು ಬೆಳೆಯುವುದಾದರೂ ಹೇಗೆ, ಹೇಳಿ. ಅಣ್ಣನ ಮನೆಗೆ ಬಂದಾಗ ನಾಲ್ಕು ದಿನ ಇದ್ದು ಹೋಗ್ತೀನಿ ಅಂದಿದ್ದಳು. ಆ ನಾಲ್ಕು ದಿನದಲ್ಲಿ ಅಣ್ಣನ ಮಕ್ಕಳು ಹುಟ್ಟಿ, ಬೆಳೆದು, ಹಾಸ್ಟೆಲ್ ಸೇರಿದವು. ಪುಟ್ಟಿ ಮಾತ್ರ ಊಟದ ಮೇಜಿಗೂ ಫ್ರಿಜ್ಜಿಗೂ ನಡುವೆ ತೂರಿಸಿಟ್ಟ ಹೊಲಿಗೆ ಮಷಿನ್ನಿನ ಮುಂದೆ ಕೂತವಳು ಕೂತೇ ಇದ್ದಳು. ಯಾರಾದರೂ ಫ್ರಿಜ್ ಬಾಗಿಲು ತೆಗೆಯಬೇಕಾದರೆ ಅವಳು ಸ್ಟೂಲು ಸರಿಸಿ ಎದ್ದು ನಿಲ್ಲಬೇಕು.

ಹಾಗಂತ ಅಣ್ಣ ಅತ್ತಿಗೆ ಕೆಟ್ಟವರಾ? ಅಯ್ಯೋ, ಕೆಟ್ಟವರಾಗಿದ್ದರೆ ಎಷ್ಟೋ ವಾಸಿಯಿತ್ತು, ಒಂದು ದಿನ ಜಗಳ ಕಾದು ಹೊರಟುಬಿಡಬಹುದಿತ್ತು. ಇವರು ಅವಳು ಸೀನಿದರೆ ಸ್ವೆಟರ್ ತರುವವರು, ಕತ್ತಲಾಗುವ ಮೊದಲೇ ಮನೆ ಸೇರ್ಕೋ ಅನ್ನುವವರು, ಅವಳ ಚಪ್ಪಲಿಯನ್ನೂ ತಾವೇ ಆರಿಸಿ ತರುವವರು. ಇಂಥವರ ಕೈಯಿಂದ ತಪ್ಪಿಸಿಕೊಳ್ಳುವುದು ಹೇಗೆ ಅಂತ ಪುಟ್ಟಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡು ಬೀದಿ ಆಚೆ ಪರದೆ, ದಿಂಬು, ಕುಷನ್ ಮಾರುವ ಅಂಗಡಿಯೊಂದಿತ್ತು. ಅಂಗಡಿಯಾಕೆ ಪುಟ್ಟಿಯ ಹೊಲಿಗೆ ಮೆಚ್ಚಿ, ನಮ್ಮಲ್ಲಿಗೇ ಕೆಲಸಕ್ಕೆ ಬನ್ನಿ, ಅಂಗಡಿ ಮೇಲಿನ ಕೋಣೆ ಖಾಲಿಯಿದೆ, ಅಲ್ಲೇ ಇರಿ ಅಂದಿದ್ದಳು. ಇವತ್ತು ಸಂಜೆ ಅಂಗಡಿ ಮುಚ್ಚುವುದರೊಳಗೆ ಬಂದು ಹ್ಞೂಂ ಅನ್ನದಿದ್ದರೆ ಬೇರೆಯವಳನ್ನು ತಗೋತೀನಿ ಅಂತಲೂ ಹೇಳಿದ್ದಳು. ಪುಟ್ಟಿ ವಾರವಿಡೀ ಮನಸ್ಸಲ್ಲೇ ಮಾತು ಜೋಡಿಸಿದ್ದೇ ಜೋಡಿಸಿದ್ದು. ಊಟಕ್ಕೆ ಬಡಿಸುವಾಗ ಅದು ನಾಲಿಗೆ ತುದಿಗೆ ಬರುತ್ತಿತ್ತು. ಅಣ್ಣ ತಲೆಯೆತ್ತಿ ಏನಮ್ಮ ಅಂದರೆ, ಉಪ್ಪು ಸರಿಯಾಗಿದೆಯಾ ಅಂತ ಕೇಳಿ ಒಳಗೇ ನುಂಗಿಬಿಡುತ್ತಿದ್ದಳು.

ಅತ್ತಿಗೆ ಹೊಸ ಸೋಫಾಕ್ಕೆ ಕುಷನ್ ಕವರು ಬೇಕು ಅಂತ ಬಟ್ಟೆ ತಂದುಕೊಟ್ಟಿದ್ದಳು. ಉಳಿದಿದ್ದು ಒಂದೇ ಒಂದು. ಇದು ಮುಗಿಯಲಿ, ಮುಗಿದ ಕ್ಷಣವೇ ಹೇಳಿಬಿಡ್ತೀನಿ ಅಂತ ಪುಟ್ಟಿ ಗಟ್ಟಿ ಮನಸ್ಸು ಮಾಡಿದಳು. ಜಿಪ್ಪನ್ನು ಮಕಾಡೆ ಮಲಗಿಸಿ, ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ, ಮಷಿನ್ನಿಗೆ ಕೊಟ್ಟಳು. ಜಿಪ್ ಎಳೆಯುವ ರನ್ನರ್ ಅಡ್ಡ ಬಂದಾಗ ಸೂಜಿಯನ್ನು ಬಟ್ಟೆಯಲ್ಲೇ ಇಳಿಸಿಟ್ಟು, ಬಟ್ಟೆ ಒತ್ತಿ ಹಿಡಿಯುವ ಫೂಟ್ ಎತ್ತಿ, ರನ್ನರನ್ನು ಹಿಂದಕ್ಕೆ ದಾಟಿಸಿ ಮತ್ತೆ ಮುಂದಕ್ಕೆ ಹೋದಳು. ಜಿಪ್ಪು ಒಂದಿಷ್ಟೂ ಸುಕ್ಕಿಲ್ಲದೆ ನೆಟ್ಟಗೆ ಕೂತಿತು.

ಇನ್ನು ಉಳಿದದ್ದು ಮೂರು ಬದಿ. ಬಟ್ಟೆ ಉಲ್ಟಾ ಇರುವಾಗಲೇ ಅವನ್ನು ಹೊಲಿಯಬೇಕು, ಆದರೆ ಅದಕ್ಕೂ ಮೊದಲು ಜಿಪ್ಪನ್ನು ಅರ್ಧ ತೆರೆದಿಡಬೇಕು. ಇಲ್ಲದಿದ್ದರೆ ಹೊಲಿದಾದ ಮೇಲೆ ಕವರನ್ನು ತಿರುವಿ ಹಾಕಲು ಬಾಯೇ ಇರುವುದಿಲ್ಲ. ಹೊಲಿಗೆ ಕಲಿಸುವಾಗ ಅತ್ತಿಗೆಗೆ ಇದನ್ನು ಹೇಳಿ ಹೇಳಿ ಪುಟ್ಟಿಯ ಗಂಟಲು ಒಣಗಿತ್ತು. ಇವತ್ತು ಅವಳ ಕೈ ಬಟ್ಟೆಯ ಮೇಲಿತ್ತು, ಜೀವವೆಲ್ಲ ಅಂಗಡಿಯ ಬಾಗಿಲಲ್ಲಿತ್ತು. ಮೂರೂ ಬದಿ ಹೊಲಿದು, ಮೂಲೆ ಕತ್ತರಿಸಿ, ದಾರ ಕಡಿದು, ತಿರುವಿ ಹಾಕೋಣ ಅಂತ ನೋಡುತ್ತಾಳೆ, ಎಲ್ಲಿಂದ? ರನ್ನರ್ ಒಳಗೆ ಸಿಕ್ಕಿಕೊಂಡು ಬಟ್ಟೆಯ ಮೇಲಿಂದ ಬೆರಳಿಗೆ ತಾಗುತ್ತಿತ್ತು, ಕೈಗೆ ಮಾತ್ರ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಹಾಲು ತೆಗೆದುಕೊಳ್ಳಲು ಅತ್ತಿಗೆ ಬಂದಳು. ಪುಟ್ಟಿ ಅಭ್ಯಾಸಬಲದಿಂದ ಎದ್ದು ನಿಂತಳು. ಅತ್ತಿಗೆ ಕವರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕು, ಬನ್ನಿ ಬನ್ನಿ, ನಿಮ್ಮ ತಂಗಿಯ ಪವಾಡ ನೋಡಿ ಅಂತ ಗಂಡನನ್ನು ಕೂಗಿದಳು. ಅಣ್ಣನೂ ಬಂದು, ಕವರನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಅಂತೂ ನಮ್ಮ ಪುಟ್ಟೀನೂ ಮನುಷ್ಯಳೇ ಕಣೇ ಅಂತ ನಕ್ಕ. ಆ ನಗುವಿನ ನಡುವೆ ಪುಟ್ಟಿಯ ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಅಣ್ಣಾ, ಆ ಕುಷನ್ ಅಂಗಡೀಲಿ ಕೆಲಸಕ್ಕೆ ಸೇರ್ತೀನಿ. ಮೇಲೇ ರೂಮಿದೆ. ಅಲ್ಲೇ ಇರ್ತೀನಿ."

ಅಣ್ಣನಿಗೆ ಸಿಟ್ಟು ಬರಲಿಲ್ಲ. ಪ್ರೀತಿಯಿಂದ ಅವಳ ತಲೆ ಸವರಿದ.

"ಆಯಮ್ಮ ಬೆಳಿಗ್ಗೆ ನನಗೂ ಸಿಕ್ಕಿದ್ಲು. ನಮ್ಮ ಪುಟ್ಟಿ ನಮ್ಮನ್ನ ಬಿಟ್ಟು ಎಲ್ಲಿ ಇರ್ತಾಳೆ, ಬರಲ್ಲ ಅಂತ ಹೇಳಿಬಿಟ್ಟೆ."

"ನನ್ನ ಕೇಳದೇನೇ?"

"ನಿನ್ನ ಕೇಳೋದೇನಿದೆ? ನೀನೇನು ಅಂತ ನಂಗೊತ್ತಿಲ್ವಾ?"

ಪುಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಅಣ್ಣನ ಮೇಲೆ ಇಷ್ಟು ಸಿಟ್ಟು ಬರಬಹುದು ಅಂತ ಅವಳಿಗೇ ಗೊತ್ತಿರಲಿಲ್ಲ, ಹೆದರಿಕೆಯೂ ಆಯಿತು. ನಾವು ನಿಂಗೇನು ಕಮ್ಮಿ ಮಾಡಿದ್ದೀವಿ ಅಂತ ಅತ್ತಿಗೆ ಕಣ್ಣು ತುಂಬಿಕೊಂಡಳು. ಏನೂ ಕಮ್ಮಿ ಮಾಡಿರಲಿಲ್ಲ, ಪಾಪ. ಉಸಿರಾಡಲು ಜಾಗ ಬಿಟ್ಟಿರಲಿಲ್ಲ, ಅಷ್ಟೇ. ಅಂಗಡಿ ಮುಚ್ಚುವ ಹೊತ್ತು ಹತ್ತಿರವಾಗಿತ್ತು. ನಾನೇ ಹೋಗಿ, ಕೆಲಸಕ್ಕೆ ಬರ್ತೀನಿ ಅಂತ ಹೇಳ್ತೀನಿ ಅನ್ನುತ್ತ ಪುಟ್ಟಿ ಚಪ್ಪಲಿ ಮೆಟ್ಟಿದಳು.

"ತಡಿ ತಡಿ, ಒಬ್ಬಳೇ ಯಾಕೆ? ಅಂಗಿ ಹಾಕ್ಕೊಂಡು ಬರ್ತೀನಿ. ನಾನೇ ಮಾತಾಡ್ತೀನಿ," ಅಂತ ಅಣ್ಣ ಕೋಣೆಗೆ ಹೋದ.

ಅವನು ಮಾತಾಡುವುದು ಹೇಗಿರುತ್ತದೆಂದು ಪುಟ್ಟಿಗೆ ಚೆನ್ನಾಗಿ ಗೊತ್ತಿತ್ತು. ನಗುನಗುತ್ತ ನಾಲ್ಕು ಮಾತಾಡಿ, ಎಲ್ಲ ಸರಿಮಾಡಿ, ಅವಳನ್ನು ಕೈಹಿಡಿದು ವಾಪಸ್ ಕರಕೊಂಡು ಬರುತ್ತಾನೆ. ಅವಳು ಹೊರಗೆ ಬಂದು ಬಾಗಿಲೆಳೆದಳು. ಏನು ಮಾಡುತ್ತಿದ್ದೇನೆ ಅಂತ ಯೋಚಿಸುವ ಮೊದಲೇ ಕೈ ಹೊರಗಿನ ಚಿಲಕ ಹಾಕಿಬಿಟ್ಟಿತ್ತು.

ಮೆಟ್ಟಿಲು ಅರ್ಧ ಇಳಿಯುವುದರೊಳಗೆ ಮೇಲೆ ಬಾಗಿಲು ಬಡಿಯತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ದಬದಬ. ಪುಟ್ಟಿ, ಏ ಪುಟ್ಟಿ, ಚಿಲಕ ಬಿದ್ದುಬಿಟ್ಟಿದೆ ನೋಡೇ ಅಂತ ಅಣ್ಣ ಕೂಗುತ್ತಿದ್ದ. ಅವಳು ಹಾಕಿರಬಹುದೆಂದು ಅವನಿಗೆ ಇನ್ನೂ ಹೊಳೆದಿರಲಿಲ್ಲ. ಕೆಳಗಿನ ಮನೆಯ ಅಜ್ಜ ಕತ್ತು ಹೊರಹಾಕಿ, ಏನಮ್ಮ ಅದು ಸದ್ದು, ಯಾರು ಒಳಗೆ ಅಂತ ಕೇಳಿದ.

"ಅಣ್ಣ ಅತ್ತಿಗೆ," ಅಂದಳು ಪುಟ್ಟಿ. "ಕುಷನ್ ಅಂಗಡಿ ಮುಚ್ಚಿದ ಮೇಲೆ ಚಿಲಕ ತೆಗೀರಿ, ಅಜ್ಜ. ಅಲ್ಲೀವರೆಗೆ ಬೇಡ."