ಎದುರುಬದುರು ಒಂದು ಊಟ

ಊರವರನ್ನೆಲ್ಲ ಕೂರಿಸಿ ಬಡಿಸಿ, ತಾವು ಮಾತ್ರ ನಿಂತೇ ಉಣ್ಣುವ ಗಂಡ ಹೆಂಡತಿ ಒಂದೂರಲ್ಲಿ ಇದ್ದರಂತೆ. ಅವರಿಗೆ ರಾಜ್ಯವಿರಲಿಲ್ಲ, ಹದಿನಾಲ್ಕು ಮೇಜಿನ ಒಂದು ಊಟದ ಮೆಸ್ಸು ಇತ್ತು. ಕಾಡುವುದಕ್ಕೆ ರಾಕ್ಷಸನೂ ಇರಲಿಲ್ಲ, ಮೂರು ಉರಿಯ ಒಂದು ಒಲೆ ಇತ್ತು. ಅದು ಬೆಳಿಗ್ಗೆ ಐದಕ್ಕೇ ಹಸಿದು ಏಳುತ್ತಿತ್ತು. ಒಂಬತ್ತು ವರ್ಷದಿಂದ ಇಬ್ಬರನ್ನೂ ಕುಣಿಸುತ್ತಿದ್ದದ್ದು ಅದೇ.

ಅಡುಗೆ ಗಂಡನದು. ಎಲ್ಲರ ಬಾಯಲ್ಲೂ ಅವರು ಮಾಸ್ಟರು. ಬಡಿಸುವುದು, ಗಲ್ಲಾ ನೋಡುವುದು, ಜಗಳ ಬಿಡಿಸುವುದು ಹೆಂಡತಿಯ ಪಾಲು. ಉಣ್ಣಲು ಬಂದವರಿಗೆಲ್ಲ ಅವಳು ಅಕ್ಕ, ಸಾಕಿ ಬೆಳೆಸಿದ ಅಜ್ಜಿಯೊಬ್ಬಳಿಗೆ ಮಾತ್ರ ಪುಟ್ಟಿ. ಮಧ್ಯಾಹ್ನ ಮೂರೂವರೆಗೆ ಮಾಸ್ಟರು ಒಲೆಯ ಪಕ್ಕ ನಿಂತು, ಸಾರಿನ ಪಾತ್ರೆಯ ತಳಕ್ಕೇ ಅನ್ನ ಹಾಕಿ ಕಲಸಿ ಬಾಯಿಗಿಡುತ್ತಿದ್ದರು. ಪುಟ್ಟಿ ಗಲ್ಲಾದ ಹಿಂದೆ, ಒಬ್ಬ ಗಿರಾಕಿ ಹೋಗಿ ಇನ್ನೊಬ್ಬ ಬರುವಷ್ಟರಲ್ಲಿ, ನಾಲ್ಕು ತುತ್ತು ನುಂಗುತ್ತಿದ್ದಳು.

ಈಗ ಊರಿನ ಇನ್ನೊಂದು ತುದಿಯಲ್ಲಿ, ಬಸ್ ನಿಲ್ದಾಣದ ಎದುರು, ಎರಡನೇ ಮೆಸ್ಸು ತೆರೆಯುವ ಮಾತು ಎದ್ದಿತ್ತು. ಅಲ್ಲಿಗೆ ಮಾಸ್ಟರು, ಇಲ್ಲಿಗೆ ಪುಟ್ಟಿ. ಸೋಮವಾರದೊಳಗೆ ಮಳಿಗೆಯ ಮಾಲೀಕನಿಗೆ ಹೂಂ ಅಥವಾ ಉಹೂಂ ಹೇಳಬೇಕಿತ್ತು. ಮಾಸ್ಟರು ಮನಸ್ಸಿನಲ್ಲೇ ಅಲ್ಲಿ ಪಾತ್ರೆ ಪಡಗ ಜೋಡಿಸಿ ಆಗಿತ್ತು. ಪುಟ್ಟಿಗೆ ಮಾತ್ರ ಹೂಂ ಅನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಯಾಕೆ ಎಂದರೆ ಹೇಳಲೂ ಬರುತ್ತಿರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯ ಹೊಗೆಗೂಡು ಬಿರುಕು ಬಿಟ್ಟಿತು. ಗಾರೆಯವನು ಬಂದು ಬಡಿದು ನೋಡಿ, ನಾಲ್ಕು ದಿನ ಒಲೆ ಹಚ್ಚುವ ಹಾಗಿಲ್ಲ ಎಂದ. ಮಾಸ್ಟರು ತಲೆ ಮೇಲೆ ಕೈ ಹೊತ್ತರು. ಅಜ್ಜಿ ಮಾತ್ರ ಹಲ್ಲಿಲ್ಲದ ಬಾಯಿ ಅಗಲಿಸಿ, "ನಿಮ್ಮ ಒಲೆಗೇ ನಿಮ್ಮ ಮೇಲೆ ಕನಿಕರ ಬಂದಿದೆ. ಹೋಗ್ಬೇಕು ಹೋಗ್ಬೇಕು ಅಂತಿದ್ರಲ್ಲ, ಆ ಕಡಲ ನಡುಗಡ್ಡೆ ನೋಡ್ಕೊಂಡು ಬನ್ನಿ, ಹೋಗಿ" ಎಂದಳು. ಹೊರಡುವ ದಿನ ಮೊಮ್ಮಗಳನ್ನು ಬಾಗಿಲ ಮರೆಗೆ ಕರೆದಳು.

"ಪುಟ್ಟಿ, ಎರಡನೇ ಒಲೆ ಹೂಡೋ ಮೊದಲು ನನಗೊಂದು ಮಾತು ಕೊಡು. ಒಂದೇ ಒಂದು ಊಟ. ಎದುರುಬದುರು ಕೂರಬೇಕು. ಮೊದಲನೇ ತುತ್ತಿಂದ ಕೊನೇ ತುತ್ತಿನ ತನಕ ಇಬ್ಬರಲ್ಲಿ ಒಬ್ಬರೂ ಏಳಬಾರದು. ಆಮೇಲೆ ಹೂಂ ಅನ್ನು, ಉಹೂಂ ಅನ್ನು, ನಾನು ಕೇಳಲ್ಲ."

"ಇಷ್ಟೇನಾ ಅಜ್ಜಿ?"

"ಇಷ್ಟೇನಾ ಅಂತ ನಗಬೇಡ. ಏಳು ಕೋಟೆ ದಾಟಿ ಹೋಗಿ ರಾಕ್ಷಸನ ಗಿಣಿ ಹಿಡ್ಕೊಂಡು ಬರೋದು ಇದಕ್ಕಿಂತ ಸುಲಭ."

ಅಜ್ಜಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಮನೆಯಲ್ಲಿ ಯಾರೂ ಇರಲಿಲ್ಲ. ಪುಟ್ಟಿ ಅಜ್ಜಿಯ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟಳು. ಶುಕ್ರವಾರ ಬೆಳಿಗ್ಗೆ ಹಡಗು ಹತ್ತುವಾಗ ಗಂಡನಿಗೂ ಹೇಳಿದಳು. "ಇದೇನು ಮಹಾ, ಇವತ್ತೇ ಮುಗಿಸಿಬಿಡೋಣ" ಎಂದರು ಮಾಸ್ಟರು.

ನಡುಗಡ್ಡೆಯ ವಸತಿಗೃಹದಲ್ಲಿ ಎರಡನೇ ಮಹಡಿಯ ಕೋಣೆ. ಕಿಟಕಿಯ ಗಾಜಿಗೆ ಉಪ್ಪು ಹಿಡಿದಿತ್ತು. ಹಾಸಿಗೆಯ ಮೇಲೆ ಟವೆಲನ್ನು ಹಂಸದ ಹಾಗೆ ಮಡಚಿ ಇಟ್ಟಿದ್ದರು. ಪುಟ್ಟಿ ಅದನ್ನು ನೋಡುತ್ತಾ ನಿಂತಳು. ಇನ್ನೇನು ಕತ್ತು ತಿರುಗಿಸಿ ಮಾತಾಡೀತು ಅನ್ನುವ ಹಾಗಿತ್ತು. ಮಾಸ್ಟರು ಹಂಸದ ಕತ್ತು ಹಿಡಿದು ಬಿಡಿಸಿ ಮೇಜು ಒರೆಸಿದರು.

"ರೀ!"

"ಧೂಳು ಕಣೇ."

ಅವತ್ತು ರಾತ್ರಿಯೂಟಕ್ಕೆ ಕಡಲ ದಂಡೆಯ ಒಂದು ಹೋಟೆಲಿಗೆ ಹೋದರು. ಮರಳಿನ ಮೇಲೆ ಮೇಜು, ಮೇಜಿನ ಮೇಲೆ ಸೀಸೆಯೊಳಗೆ ದೀಪ. ಕೆಂಡದ ಮೇಲೆ ಸುಟ್ಟ ಇಡೀ ಮೀನು ಬಂತು, ಪಕ್ಕದಲ್ಲಿ ಬಿಸಿ ಅನ್ನ, ಹುಳಿ ಮಾವಿನಕಾಯಿ ಹೋಳು. ಪುಟ್ಟಿ ಮೊದಲ ತುತ್ತು ಬಾಯಿಗಿಟ್ಟಳು. ಮಾಸ್ಟರೂ ಇಟ್ಟರು. ಎರಡನೆಯ ತುತ್ತಿಗೆ ಅವರ ಮೂಗು ಅರಳಿತು.

"ಅಲ್ಲಿ ಎಡಗಡೆ ಮೀನು ಸೀಯ್ತಾ ಇದೆ. ಅಡುಗೆಯವನು ನೋಡ್ತಾನೇ ಇಲ್ಲ."

"ಸೀಯಲಿ ಬಿಡಿ. ನಮ್ಮ ಮೀನಲ್ಲ."

"ಒಂದೇ ನಿಮಿಷ."

ಒಂದು ನಿಮಿಷ ಅಂದವರು ಬಂದದ್ದು ಇಪ್ಪತ್ತು ನಿಮಿಷಕ್ಕೆ, ಹಣೆಗೆಲ್ಲ ಮಸಿ ಬಳಿದುಕೊಂಡು. ಆರು ಮೀನು ಮಗುಚಿ ಹಾಕಿದ್ದರು, ಕೆಂಡ ಕೆದಕಿ ಸಮ ಮಾಡಿದ್ದರು. ಪುಟ್ಟಿಯ ತಟ್ಟೆಯಲ್ಲಿ ಮುಳ್ಳು ಮಾತ್ರ ಉಳಿದಿತ್ತು.

ಮರುದಿನ ಬೆಳಿಗ್ಗೆ ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಹವಳದ ದಿಬ್ಬ ನೋಡಲು ಹೋದರು. ಕಾಲ ಕೆಳಗೆ ನೀಲಿ, ಹಳದಿ, ಪಟ್ಟೆಪಟ್ಟೆಯ ಮೀನುಗಳು ಮದುವೆ ದಿಬ್ಬಣದ ಹಾಗೆ ಸಾಗುತ್ತಿದ್ದವು. ಪುಟ್ಟಿ ಉಸಿರು ಬಿಗಿಹಿಡಿದು ಬಗ್ಗಿ ನೋಡಿದಳು. ಅಜ್ಜಿಯ ಕತೆಗಳಲ್ಲಿ ನೀರಿನ ಕೆಳಗೊಂದು ಅರಮನೆ ಇರುತ್ತಿತ್ತು. ಅದರ ಬಾಗಿಲು ಇಲ್ಲೇ ಎಲ್ಲೋ ಇರಬೇಕು ಅನ್ನಿಸಿತು.

"ಆ ಪಟ್ಟೆಯದು ಬರೀ ಮುಳ್ಳು. ಸಾರಿಗೆ ಆಗಲ್ಲ" ಎಂದರು ಮಾಸ್ಟರು.

ದೋಣಿಯವನು ಬಿದ್ದು ಬಿದ್ದು ನಕ್ಕ. ಪುಟ್ಟಿಗೂ ನಗು ತಡೆಯಲಾಗಲಿಲ್ಲ.

ಮಧ್ಯಾಹ್ನ ಗುಡ್ಡದ ಮೇಲಿನ ದೀಪಸ್ತಂಭ ಹತ್ತಿ ಇಳಿದು, ಅದರ ಬುಡದಲ್ಲೇ ಇದ್ದ ಹೋಟೆಲಿನಲ್ಲಿ ಕೂತರು. ಈ ಸಲ ಮಾಸ್ಟರು ಎಡಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅಡುಗೆಮನೆಗೆ ಬೆನ್ನು ಹಾಕಿ, ಮೂಗಿನ ಮಾತು ಕೇಳದೆ ಉಂಡರು. ಹತ್ತು ತುತ್ತು ಆಯಿತು. ಹದಿನೈದು ಆಯಿತು. ಪುಟ್ಟಿಗೆ ಒಳಗೊಳಗೇ ಖುಷಿ. ಪಕ್ಕದ ಮೇಜಿನ ಮುದುಕರ ಲೋಟ ಖಾಲಿಯಾಗಿತ್ತು. ಅದರ ಆಚೆಯ ಮೇಜಿನಲ್ಲೂ ಎರಡು ಖಾಲಿ. ಯಾರೋ "ಇನ್ನೊಂದು ಚೂರು ಅನ್ನ" ಎಂದರು. "ಇಗೋ, ತಂದೆ" ಎಂದಿತು ಪುಟ್ಟಿಯ ಬಾಯಿ. ಎಚ್ಚರವಾದಾಗ ಅವಳು ಕೈಯಲ್ಲಿ ನೀರಿನ ಜಗ್ಗು ಹಿಡಿದು ನಾಲ್ಕನೆಯ ಮೇಜಿನ ಹತ್ತಿರ ನಿಂತಿದ್ದಳು. ಹೋಟೆಲಿನ ಹುಡುಗಿಯೊಬ್ಬಳು ಬಿಟ್ಟ ಬಾಯಿ ಬಿಟ್ಟಂತೆ ಅವಳನ್ನೇ ನೋಡುತ್ತಿದ್ದಳು.

ತಿರುಗಿ ಬಂದರೆ ಮಾಸ್ಟರು ಕೂತಲ್ಲೇ ಕೂತಿದ್ದರು.

"ನಾನು ಅಲ್ಲಾಡಿಲ್ಲ. ಎದ್ದಿದ್ದು ಯಾರು ಅಂತ ಅಜ್ಜಿಗೆ ನೀನೇ ಹೇಳ್ಬೇಕು."

ಪುಟ್ಟಿ ನಕ್ಕಳು. ಆಮೇಲೆ ನಗಲಾಗಲಿಲ್ಲ. ಇಲ್ಲಿಯ ತನಕ ಎದ್ದು ಓಡುವವರು ಗಂಡನೊಬ್ಬರೇ ಎಂದುಕೊಂಡಿದ್ದಳು.

ರಾತ್ರಿಗೆ ಅವಳೇ ಉಪಾಯ ಮಾಡಿದಳು. ಊಟ ಕಟ್ಟಿಸಿಕೊಂಡು ಕೋಣೆಗೇ ತಂದು, ಬಾಗಿಲಿಗೆ ಚಿಲಕ ಹಾಕಿದರೆ ಆಯಿತಲ್ಲ. ಬಡಿಸಬೇಕಾದವರೂ ಇಲ್ಲ, ಸೀಯುವ ಮೀನೂ ಇಲ್ಲ. ಪೊಟ್ಟಣ ಬಿಚ್ಚಿದರು. ಎರಡು ತುತ್ತಿನ ಮೇಲೆ ಮಾಸ್ಟರು ಅತ್ತಿತ್ತ ನೋಡಿ, "ಸೌಟಿಲ್ಲದೆ ಸಾರು ಹೇಗೆ ಹಾಕ್ಕೊಳ್ಳೋದು?" ಎಂದರು. ಬಗ್ಗಿಸಿ ಸುರಿದುಕೊಳ್ಳಿ ಅನ್ನುವಷ್ಟರಲ್ಲಿ ಚಿಲಕ ತೆಗೆದು ಕೆಳಗಿಳಿದಿದ್ದರು. ವಸತಿಗೃಹದ ಅಡುಗೆಯವರ ಜೊತೆ ಅನ್ನ ಉದುರುದುರಾಗುವ ಗುಟ್ಟು ಮಾತಾಡಿ ಅವರು ಸೌಟು ತರುವ ಹೊತ್ತಿಗೆ ಪುಟ್ಟಿ ಕೈ ತೊಳೆದು, ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

ಭಾನುವಾರ ಬೆಳಿಗ್ಗೆ ಜಲಪಾತದ ದಾರಿ. ಬೇರುಗಳೇ ಮೆಟ್ಟಿಲಾದ ಕಾಲುದಾರಿಯಲ್ಲಿ ಪುಟ್ಟಿ ಮುಂದೆ, ಮಾಸ್ಟರು ಹಿಂದೆ. ಅರ್ಧ ದಾರಿ ಸಾಗಿದರು. ಆಮೇಲೆ ಅವಳು ತಿರುಗಿ ನಿಂತಳು.

"ರೀ, ನನ್ನ ಎದುರು ಕೂತರೆ ನಿಮಗೆ ಮುಳ್ಳು ಚುಚ್ಚುತ್ತಾ?"

"ಹಾಗಲ್ಲ ಕಣೇ."

"ಮತ್ತೆ ಹೇಗೆ? ಊರವರ ಮೀನು ಕಾಣುತ್ತೆ, ಸೌಟು ಕಾಣುತ್ತೆ. ನಾನೊಬ್ಬಳು ಕೂತಿರೋದು ಕಾಣಲ್ಲ."

ಮಾಸ್ಟರು ಒಂದು ಬೇರಿನ ಮೇಲಿಂದ ಇನ್ನೊಂದಕ್ಕೆ ಕಾಲಿಟ್ಟರು. ಮಾತು ಹುಡುಕುವಾಗ ಅವರಿಗೆ ಯಾವಾಗಲೂ ಏನಾದರೂ ಮಾಡುತ್ತಿರಬೇಕು.

"ಕೈ ಎಲ್ಲಿಡಬೇಕು ಅಂತ ಗೊತ್ತಾಗಲ್ಲ. ನೀನು ಎದುರು ಕೂತು ನೋಡ್ತಿದ್ರೆ, ಏನಾದರೂ ಸಾಲ್ದು ಅಂತೀಯೇನೋ ಅನ್ಸುತ್ತೆ. ಉಪ್ಪು ಸಾಲ್ದು ಅಂದರೆ ಉಪ್ಪು ತರ್ತೀನಿ. ಬೇರೇನಾದರೂ ಸಾಲ್ದು ಅಂದರೆ ಎಲ್ಲಿಂದ ತರಲಿ?"

ಪುಟ್ಟಿ ಎರಡು ಬೇರು ಹಿಂದಕ್ಕೆ ದಾಟಿ ಅವರ ಹತ್ತಿರ ಬಂದಳು.

"ನಾನೂ ನಿನ್ನೆ ಜಗ್ಗು ಹಿಡ್ಕೊಂಡು ಓಡಿದ್ದು ಅದಕ್ಕೇ ಇರಬೇಕು" ಎಂದಳು. "ನೀವು ಕೂತೇಬಿಟ್ರಲ್ಲ, ಇನ್ನು ನಾನು ಹೇಳಲೇಬೇಕಾಗುತ್ತೆ ಅಂತ."

"ಏನನ್ನ?"

"ಕೂತಾಗ ಹೇಳ್ತೀನಿ."

ವಾಪಸು ಹಡಗು ನಾಲ್ಕಕ್ಕೆ. ಎರಡು ಗಂಟೆಗೆ ಹಡಗುಕಟ್ಟೆಯ ಪಕ್ಕದ ಪುಟ್ಟ ಹೋಟೆಲಿನಲ್ಲಿ ಚೀಲಗಳನ್ನು ಕಾಲಿನ ಹತ್ತಿರ ಇಟ್ಟುಕೊಂಡು ಕೂತರು. ಐದೇ ಮೇಜು. ಅಡುಗೆ, ಬಡಿಸುವುದು ಎರಡೂ ಒಬ್ಬಳೇ ಹೆಂಗಸಿನ ಕೈಯಲ್ಲಿ. ಅವಳು ಅನ್ನ, ತೆಂಗಿನಹಾಲಿನ ಮೀನುಸಾರು, ಬದನೆಕಾಯಿ ಪಲ್ಯ ತಂದಿಟ್ಟು ಹೋದಳು. ಇದು ತಪ್ಪಿದರೆ ಇನ್ನು ಊಟವಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು.

ಮೊದಲ ತುತ್ತು. ಎರಡನೆಯದು. ಮಾಸ್ಟರು ಬದನೆಕಾಯಿಯನ್ನು ತಟ್ಟೆಯ ಅಂಚಿಗೆ ಸರಿಸಿದರು.

"ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗಿದೆ. ನನಗೆ ಬದನೆಕಾಯಿ ಸೇರಲ್ಲ."

"ಒಂಬತ್ತು ವರ್ಷದಿಂದ ದಿನಾ ನಿಮಗೆ ಅಂತ ಎತ್ತಿಡ್ತಾ ಇದ್ದೀನಲ್ರೀ!"

"ಎತ್ತಿಟ್ಟಿದ್ದೀಯಲ್ಲ ಅಂತ ತಿಂತಿದ್ದೆ."

ಪುಟ್ಟಿ ಹಣೆ ಚಚ್ಚಿಕೊಂಡು, ಅವರ ತಟ್ಟೆಯ ಬದನೆಕಾಯಿಯನ್ನೆಲ್ಲ ತನ್ನ ತಟ್ಟೆಗೆ ಎಳೆದುಕೊಂಡಳು. ಅವಳಿಗದು ಪ್ರಾಣ. ಅಡುಗೆಯವರ ಪಾಲು ಎಂದು ಒಂದು ದಿನವೂ ಮುಟ್ಟಿರಲಿಲ್ಲ.

ಅಷ್ಟರಲ್ಲಿ ಬಸ್ಸೊಂದು ಬಂದು ನಿಂತು, ಇಪ್ಪತ್ತು ಇಪ್ಪತ್ತೈದು ಪ್ರವಾಸಿಗಳು ಒಳಗೆ ನುಗ್ಗಿದರು. ಕುರ್ಚಿ ಎಳೆದಾಡುವ ಸದ್ದು. ಹೆಂಗಸು ಒಬ್ಬಳೇ ಅತ್ತಿಂದಿತ್ತ ಓಡಿದಳು. ಪುಟ್ಟಿಯ ಬೆನ್ನ ಹಿಂದೆ ಯಾರೋ, "ಅಕ್ಕಾ, ನೀರು!" ಎಂದರು.

ಪುಟ್ಟಿಯ ಮಂಡಿ ತಾನಾಗಿಯೇ ಎದ್ದಿತು. ಮಾಸ್ಟರು ಮೇಜಿನ ಕೆಳಗೆ ಅವಳ ಪಾದದ ಮೇಲೆ ತಮ್ಮ ಪಾದ ಇಟ್ಟು ಒತ್ತಿದರು.

"ನೀನಲ್ಲ ಅವರ ಅಕ್ಕ."

ಅವಳು ಕೂತಲ್ಲೇ ಕೂತಳು. ಒಳಗೆ ಪಾತ್ರೆಯ ಮುಚ್ಚಳ ಕುಣಿಯತೊಡಗಿತು. ಮಾಸ್ಟರ ಕಿವಿ ನಿಮಿರಿತು. ಈಗ ಪುಟ್ಟಿಯ ಇನ್ನೊಂದು ಪಾದ ಅವರ ಪಾದದ ಮೇಲೆ ಬಂತು. ಚುಂಯ್ ಎಂದು ಗಂಜಿ ಒಲೆಯ ಮೇಲೆ ಉಕ್ಕಿ ಬಿತ್ತು. ಅವರು ಕಣ್ಣು ಮುಚ್ಚಿಕೊಂಡರು.

"ಉಕ್ಕಿತು" ಎಂದರು, ತಮ್ಮದೇ ಮನೆಯಲ್ಲಿ ಏನೋ ಆದವರ ಹಾಗೆ.

"ಉಕ್ಕಲಿ. ರೀ, ಕೇಳಿ. ನನಗೆ ಎರಡನೇ ಮೆಸ್ಸು ಬೇಡ."

ಮಾಸ್ಟರು ಕಣ್ಣು ಬಿಟ್ಟರು.

"ಅಲ್ಲೊಂದು ಒಲೆ, ಇಲ್ಲೊಂದು ಒಲೆ ಆದರೆ, ನೀವು ನಿಂತ್ಕೊಂಡು ಉಣ್ಣೋದೂ ನನ್ನ ಕಣ್ಣಿಗೆ ಬೀಳಲ್ಲ. ಈಗ ಗಲ್ಲಾದಿಂದ ಬಗ್ಗಿ ನೋಡಿದರೆ ನಿಮ್ಮ ಬೆನ್ನಾದರೂ ಕಾಣುತ್ತೆ."

ಅವರು ಒಂದು ತುತ್ತು ಕಲಸಿ, ಬಾಯಿಗಿಡದೆ ಮತ್ತೆ ಕಲಸಿದರು.

"ಇದನ್ನ ಮೊದಲೇ ಹೇಳೋದಲ್ವಾ?"

"ಯಾರಿಗೆ ಹೇಳಲಿ? ಬೆನ್ನಿಗಾ?"

"ಬಸ್ ನಿಲ್ದಾಣದ ಎದುರು ಕಣೇ. ದಿನಕ್ಕೆ ಮುನ್ನೂರು ಊಟ ಹೋಗ್ತಿತ್ತು." ಆ ಮುನ್ನೂರು ಎಲೆಗಳನ್ನೂ ಒಂದೊಂದಾಗಿ ಮಡಚಿಡುವವರ ಹಾಗೆ ಅವರು ಅನ್ನವನ್ನು ತಟ್ಟೆಯ ಒಂದು ಬದಿಗೆ ಸರಿಸಿದರು. "ದೊಡ್ಡ ಒಲೆಗೆ ಜಾಗಾನೂ ನೋಡಿಟ್ಟಿದ್ದೆ."

"ಗೊತ್ತು."

"ಬೇಡ ಅಂದರೆ ಬೇಡವೇನಾ? ಆಮೇಲೆ ಮನಸ್ಸು ಬದಲಾಯಿಸಲ್ವಲ್ಲ?"

"ಇಲ್ಲ."

"ಸರಿ, ಬಿಡು. ನಾಳೆ ನಾನೇ ಹೋಗಿ ಹೇಳ್ತೀನಿ." ತುತ್ತು ಬಾಯಿಗಿಟ್ಟು ಅಗಿದು ನುಂಗಿದರು. "ಸಾರಿಗೆ ಹುಳಿ ಒಂದು ಚೂರು ಹೆಚ್ಚಾಯ್ತು."

"ಆಗಲಿ."

"ಆಗಲಿ" ಎಂದರು ಅವರೂ.

ಹಿಂದೆ ಮತ್ತೆ ಯಾರೋ ನೀರು ಕೇಳಿದರು. ಮಾಸ್ಟರು ಬೆರಳಿನಿಂದ ತಟ್ಟೆ ಬಳಿದು ಕೊನೆಯ ತುತ್ತು ಮುಗಿಸಿ, ಎಂಜಲು ಕೈಯನ್ನು ತಟ್ಟೆಯ ಮೇಲೇ ಇಟ್ಟುಕೊಂಡು ಕಾದರು. ಪುಟ್ಟಿಯ ತಟ್ಟೆಯಲ್ಲಿ ಇನ್ನೂ ನಾಲ್ಕು ಹೋಳು ಬದನೆಕಾಯಿ ಇತ್ತು. ಅವಳು ಆತುರ ಮಾಡಲಿಲ್ಲ. ಒಂದು ತಿಂದಳು, ಎರಡು ತಿಂದಳು, ಮೂರು ತಿಂದಳು. ಅವರು ಏಳಲಿಲ್ಲ. ನಾಲ್ಕನೆಯದನ್ನೂ ತಿಂದಳು.

ಆಮೇಲೆ ಇಬ್ಬರೂ ಒಟ್ಟಿಗೆ ಎದ್ದು ಕೈ ತೊಳೆಯಲು ಹೋದರು.