ನಡುವಿನ ಸುತ್ತು

ತೂರೆ ಚರ್ಚಿನ ಬೆಂಚಿನಡಿಗೆ ನುಸುಳಿ ಸ್ಪೀಕರಿನ ತಂತಿ ಎಳೆಯುತ್ತಿದ್ದಾಗ ಯಾರೋ ಊರುಗೋಲಿನಿಂದ ಅವನ ಬೆನ್ನಿಗೆ ತಿವಿದರು.

"ಏನಪ್ಪಾ, ಸತ್ತೋಳು ಪೆಟ್ಟಿಗೇಲಿದಾಳೆ. ಬೆಂಚಿನ ಕೆಳಗೆ ಯಾರನ್ನ ಹುಡುಕ್ತಿದೀಯ?"

ತಲೆ ಎತ್ತಲು ಹೋಗಿ ಹಲಗೆಗೆ ಬಡಿಸಿಕೊಂಡ. ಸೈಮಿ. ತೀರಿಕೊಂಡ ಔಲಿಕ್ಕಿಯ ಅಕ್ಕ. ಎಂಬತ್ತು ದಾಟಿದ ಮುದುಕಿ. ಕಪ್ಪು ಕೋಟು, ಕಪ್ಪು ಟೋಪಿ. ನಾಲಿಗೆಯೊಂದು ಇನ್ನೂ ಶೋಕಾಚರಣೆಗೆ ಸೇರಿರಲಿಲ್ಲ.

"ತಂತಿ," ಎಂದ ತೂರೆ. "ಔಲಿಕ್ಕಿ ನುಡಿಸಿದ್ದನ್ನ ಕೇಳಿಸೋಕೆ."

"ಹಿಲ್ಲಾ ಹೇಳಿದ್ಲು. ಅವಳಮ್ಮ ನುಡಿಸಿದ್ದು, ಮೊದಲಿಂದ ಕೊನೇವರೆಗೂ ಅಂತೆ." 'ಕೊನೇವರೆಗೂ' ಎಂಬುದನ್ನು ಸೈಮಿ ಪಾದ್ರಿಯ ರಾಗದಲ್ಲಿ ಎಳೆದಳು. "ನನ್ನ ತಂಗಿ ಏನನ್ನಾದ್ರೂ ಮುಗಿಸಿದ್ದು ನಾನಂತೂ ಕಂಡಿಲ್ಲ. ಪಿಯಾನೋ ಪರೀಕ್ಷೆ ದಿನ ಏನಾಯ್ತು ಗೊತ್ತಾ?"

ಗೊತ್ತಿತ್ತು. ಆದರೆ ಮುದುಕಿ ಆಗಲೇ ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿ, ಬೆಂಚಿನ ಅಂಚನ್ನೇ ಪಿಯಾನೋ ಮಾಡಿಕೊಂಡಿದ್ದಳು. "ಹೀಗೆ ಬಂದ್ಲು, ಬಂದ್ಲು, ತಿರುವು ಬಂತು... ಅಯ್ಯೋ, ಮತ್ತೆ ಮೊದಲಿಗೇ! ಮತ್ತೆ ಬಂದ್ಲು... ಮತ್ತೆ ಮೊದಲಿಗೇ! ಮೇಷ್ಟ್ರು ಕೆಮ್ಮಿದ್ರು." ಆ ಕೆಮ್ಮನ್ನೂ ಕೆಮ್ಮಿ ತೋರಿಸಿದಳು. "ಕೊನೆಗೆ ಅವರೇ ಎದ್ದು ಬಂದು ಮುಚ್ಚಳ ಮುಚ್ಚಿದ್ರು. ಪುಣ್ಯಕ್ಕೆ ಬೆರಳು ಉಳೀತು. ಇಲ್ದಿದ್ರೆ ಇವತ್ತಿಗೂ ಸುತ್ತುತಾನೇ ಇರ್ತಿದ್ಲು."

ಹಿಂದಿನ ಸಾಲಿನಲ್ಲಿ ಯಾರೋ ಕರವಸ್ತ್ರ ಬಾಯಿಗೆ ಒತ್ತಿಕೊಂಡು ನಕ್ಕರು. ತೂರೆ ಮಾತ್ರ ಮುದುಕಿಯ ಕೈಗಳನ್ನೇ ನೋಡುತ್ತಿದ್ದ. ಬೆಂಚಿನ ಮೇಲೆ ಓಡಿದ ಆ ಬೆರಳುಗಳು ಒಂದು ಕಡೆಯೂ ತಪ್ಪಿರಲಿಲ್ಲ. ಮುದುಕಿಗೆ ಆ ತಿರುವು ಬಾಯಿಪಾಠ. ಇನ್ನು ಸ್ವಲ್ಪ ಹೊತ್ತಿಗೆ ಸ್ಪೀಕರಿನಿಂದ ಬರಬೇಕಾಗಿದ್ದದ್ದೂ ಅದೇ.

*

ಔಲಿಕ್ಕಿ ಬಾಳಿನುದ್ದಕ್ಕೂ ಬ್ಯಾಲೆ ಶಾಲೆಯಲ್ಲಿ ಪಿಯಾನೋ ನುಡಿಸಿದವಳು. ಮಕ್ಕಳು ಕಾಲೆತ್ತಿ ಇಳಿಸುವಷ್ಟು ಹೊತ್ತು ನುಡಿಸಬೇಕು, ಟೀಚರು ಚಪ್ಪಾಳೆ ತಟ್ಟಿದರೆ ನಿಲ್ಲಿಸಬೇಕು. ಮುಗಿಸುವಲ್ಲಿ ಮುಗ್ಗರಿಸಿದವಳಿಗೆ ಹೇಳಿ ಮಾಡಿಸಿದ ಕೆಲಸ. ನಿವೃತ್ತಿಯಾದ ಮೇಲೆ ಅವಳ ಮನೆಗೆ ಮೈಕುಗಳ ಚೀಲ ಹೊತ್ತುಕೊಂಡು ತೂರೆ ಬಂದ.

"ನನಗೆ ಲೂಪುಗಳು ಬೇಕು. ಕೆಲವೇ ಕ್ಷಣದ ಸಣ್ಣ ಸುತ್ತುಗಳು. ಹಾಡು ಕಟ್ಟೋರು ಕೊಂಡ್ಕೊಂಡು ತಮ್ಮ ಹಾಡಿನೊಳಗೆ ಎಷ್ಟು ಸಲ ಬೇಕಾದ್ರೂ ತಿರುಗಿಸ್ಕೋತಾರೆ. ಎಲ್ಲಿ ಮುಗೀತು, ಎಲ್ಲಿ ಶುರುವಾಯ್ತು ಅಂತ ಗೊತ್ತಾಗಬಾರ್ದು."

"ಅಂದ್ರೆ ಕೊನೆ ಇರೋದೇ ಇಲ್ವಾ?"

"ಇದ್ರೆ ಅದು ಕೆಟ್ಟ ಲೂಪು."

ಕಾಫಿ ಬಗ್ಗಿಸುತ್ತಿದ್ದ ಔಲಿಕ್ಕಿಯ ಕೈ ನಿಂತಿತು. "ಇಷ್ಟು ವರ್ಷ ಎಲ್ಲಿ ಸತ್ತಿದ್ದೆ ಮಾರಾಯ?"

ಫ್ರಿಜ್ಜು ಆರಿಸಿ, ಕಿಟಕಿಗೆ ರಜಾಯಿ ಕಟ್ಟಿ, ಟ್ರಾಮು ದಾಟಿಹೋಗುವ ತನಕ ಉಸಿರು ಹಿಡಿದು ಕೂತು ಅವರು ರೆಕಾರ್ಡ್ ಮಾಡುತ್ತಿದ್ದರು. ಒಂದೊಂದನ್ನೂ ಅವಳು ಹಲವು ಸುತ್ತು ನುಡಿಸುತ್ತಿದ್ದಳು. ಮೊದಲ ಸುತ್ತನ್ನೂ ಕೊನೆಯ ಸುತ್ತನ್ನೂ ತೂರೆ ಎಸೆದುಬಿಡುತ್ತಿದ್ದ. ನಡುವಿನದರಲ್ಲಿ ಮಾತ್ರ ಹಿಂದಿನ ಸುತ್ತಿನ ಗುಂಗು ಮುಂದಿನದರ ಆರಂಭದ ಮೇಲೂ ಹಾಸಿಕೊಂಡಿರುತ್ತದೆ, ಬೆಸುಗೆ ಕಾಣುವುದಿಲ್ಲ. ಕೊನೆಯ ಸುತ್ತಾದ ಮೇಲೆ ತಂತಿಗಳು ಪೂರ್ತಿ ಸುಮ್ಮನಾಗುವವರೆಗೆ ಔಲಿಕ್ಕಿ ಕೈಗಳನ್ನು ಪಿಯಾನೋದ ಕೀಲಿಮಣೆಯ ಮೇಲೆ, ಗಾಳಿಯಲ್ಲೇ ಹಿಡಿದಿರಬೇಕಿತ್ತು. ಸ್ಟೂಲು ಕಿರುಗುಟ್ಟಬಾರದಲ್ಲ. ಆಗ ಅವಳ ಮುಖ ನೋಡಲು ತೂರೆಗೆ ಹೆದರಿಕೆಯಾಗುತ್ತಿತ್ತು. ಮೆಟ್ಟಿಲಿದೆಯೆಂದು ಕತ್ತಲಲ್ಲಿ ಕಾಲು ಚಾಚಿ ನೆಲ ಸಿಗದವರ ಮುಖ.

ಒಂದು ಮಧ್ಯಾಹ್ನ, ಹೊಸದೊಂದನ್ನು ನುಡಿಸಿ, ತಂತಿಗಳು ಆರಿದ ಮೇಲೆ ಹೇಳಿದಳು: "ಇದು ಆ ತಿರುವೇ ಕಣೋ. ಪರೀಕ್ಷೇಲಿ ತಪ್ಪಿದ್ನಲ್ಲ, ಅದು. ಯಾರಿಗೂ ಹೇಳ್ಬೇಡ. ಇಲ್ಲಿ ದಾರಿ ತಪ್ಪೋದೇ ಸರಿ, ಅಲ್ವಾ?"

*

ಮಹಿಳಾ ಪಾದ್ರಿ ಪೆಟ್ಟಿಗೆಯ ಮೇಲೆ ಮೂರು ಸಲ ಮರಳು ಹಾಕಿದಳು. ಬಂಧುಗಳು ಒಬ್ಬೊಬ್ಬರಾಗಿ ಹೂವಿಟ್ಟು, ಚೀಟಿಯಲ್ಲಿದ್ದ ಎರಡು ಸಾಲು ಓದಿ ಹಿಂದೆ ಸರಿದರು. ಪಕ್ಕದ ಗೋಡೆಗೆ ಆನಿಸಿದ ಮೇಜಿನ ಹಿಂದೆ ಕೂತ ತೂರೆ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದ.

ಆ ತಿರುವಿನ ಸುತ್ತನ್ನೇ, ಏನೆಂದು ತಿಳಿಯದೆ, ಆರಿಸಿದ್ದು ಮಗಳು ಹಿಲ್ಲಾ. "ಅಮ್ಮ ಪಾತ್ರೆ ತೊಳೀವಾಗ ಇದನ್ನೇ ಗುನುಗ್ತಿದ್ಲು. ಪೆಟ್ಟಿಗೆ ಎತ್ತಿದಾಗ ಇದನ್ನ ಹಾಕು, ಪೂರ್ತಿ ಹಾಕು. ದೊಡ್ಡಮ್ಮನ ಬಾಯಿ ಇವತ್ತಾದ್ರೂ ಮುಚ್ಚಲಿ." ಪೂರ್ತಿ ಎನ್ನುವುದು ಇಲ್ಲವೇ ಇಲ್ಲ ಎಂದು ಹೇಳಲು ತೂರೆಗೆ ಬಾಯಿ ಬರಲಿಲ್ಲ. ಬದಲಿಗೆ, ಹೋದ ವಾರ ಸತ್ತವಳ ಪಿಯಾನೋದ ಮುಂದೆ ತಾನೇ ಕೂತು, ಮುಗಿತಾಯದ ಒಂದಿಷ್ಟು ಸ್ವರ ಒತ್ತಿ, ಅದನ್ನು ಮೂರನೆಯ ಸುತ್ತಿನ ಬಾಲಕ್ಕೆ ಅಂಟಿಸಿದ್ದ. ಮನೆಯಲ್ಲಿ ಕೇಳಿದಾಗ ಪರವಾಗಿಲ್ಲ ಅನ್ನಿಸಿತ್ತು. ಈಗ ಹೆಡ್‌ಫೋನಿನಲ್ಲಿ ಕೇಳಿದರೆ, ಬೇರೆಯವರ ಹಲ್ಲಿನ ಸೆಟ್ಟನ್ನು ಹೆಣದ ಬಾಯಿಗೆ ಇಟ್ಟ ಹಾಗಿತ್ತು. ಸೈಮಿ ಕಂಡುಹಿಡಿಯುತ್ತಾಳೆ. ಇದೇ ಚರ್ಚಿನಲ್ಲಿ, ಇವರೆಲ್ಲರ ಮುಂದೆ, ಆ ಮೇಷ್ಟರ ಕೆಮ್ಮು ಕೆಮ್ಮುತ್ತಾಳೆ.

*

ಆಸ್ಪತ್ರೆಯಲ್ಲಿ ಔಲಿಕ್ಕಿಯ ಬೆರಳುಗಳು ಹೊದಿಕೆಯ ಮೇಲೆ ಆಡುತ್ತಿದ್ದವು.

"ಭಯ ಆಗುತ್ತೆ ಕಣೋ."

"ನೋವಾಗುತ್ತೆ ಅಂತಾನಾ? ನರ್ಸನ್ನ ಕರೀಲಾ?"

"ನೋವಲ್ಲ. ಮುಗಿಸೋದು ಹೇಗೆ ಅಂತ ಗೊತ್ತಿಲ್ಲ. ಅಲ್ಲೂ ತಪ್ಪಿದ್ರೆ? ಎಲ್ರೂ ನೋಡ್ತಿರ್ತಾರೆ."

"ತಪ್ಪಿದ್ರೆ ವಾಪಸ್ ಬನ್ನಿ, ಇನ್ನೊಂದು ಸಲ ರೆಕಾರ್ಡ್ ಮಾಡೋಣ," ಎಂದು ತೂರೆ ನಗಿಸಲು ನೋಡಿದ. ಅವಳು ನಗಲಿಲ್ಲ. ಅವನ ಮಣಿಕಟ್ಟನ್ನು ಹಿಡಿದುಕೊಂಡಳು. ಪಿಯಾನೋದ ಬೆರಳು, ನೋಯುವಷ್ಟು ಗಟ್ಟಿ.

*

ಆರು ಜನ ಪೆಟ್ಟಿಗೆ ಎತ್ತಿದರು. ತೂರೆ ಗುಂಡಿ ಒತ್ತಿದ.

ಔಲಿಕ್ಕಿಯ ಬೆರಳು ಚರ್ಚಿನ ಚಾವಣಿಗೇರಿ ಮೆಲ್ಲಗೆ ಇಳಿಯಿತು. ಹೊತ್ತವರ ಹೆಜ್ಜೆ ಅದಕ್ಕೆ ಹೊಂದಿಕೊಂಡಿತು. ಹಿಂದೆ ಹಿಲ್ಲಾ, ಅವಳ ಹಿಂದೆ ಬಂಧುಗಳು, ಎಲ್ಲರಿಗಿಂತ ಹಿಂದೆ ಊರುಗೋಲಿನ ಸೈಮಿ. ತಿರುವು ಬಂತು. ಊರುಗೋಲಿನ ಟಕಟಕ ನಿಂತುಹೋಯಿತು.

ಮುದುಕಿ ಸರಿಯಾಗಿ ತೂರೆಯ ಮೇಜಿನ ಮುಂದೆ ನಿಂತಿದ್ದಳು.

ಎರಡನೆಯ ಸುತ್ತು ಶುರುವಾಯಿತು. "ಇದು ಅದೇ," ಎಂದಳು, ಪಿಸುದನಿಯಲ್ಲಿ.

ಪೆಟ್ಟಿಗೆ ಇನ್ನೂ ಅರ್ಧ ದಾರಿಯಲ್ಲಿತ್ತು. ಮೂರನೆಯ ಸುತ್ತು ತಿರುವಿನ ಕಡೆ ಹೊರಟಿತು. ಅದರ ಬಾಲದಲ್ಲಿ ಅವನ ಸುಳ್ಳು ಸ್ವರಗಳು ಕಾದು ಕೂತಿದ್ದವು. ಬೈಗುಳಕ್ಕೋ ನಗುವಿಗೋ ಸಿದ್ಧನಾಗಿ ತಲೆಯೆತ್ತಿದ. ಎದುರಿಗಿದ್ದದ್ದು ಸೈಮಿಯ ಮುಖವಲ್ಲ. ಗಾಳಿಯಲ್ಲಿ ಕೈ ಹಿಡಿದು ಕೂತ ಔಲಿಕ್ಕಿಯ ಮುಖ: ಅದೇ ಕತ್ತಲು, ಅದೇ ಚಾಚಿದ ಕಾಲು.

"ಇದರ ಕೊನೆ ಬರುತ್ತಾ ಈಗ?" ಎಂದು ಸೈಮಿ ಕೇಳಿದಳು.

ತೂರೆಯ ಬೆರಳು ತಾನಾಗಿ ಲೂಪಿನ ಗುಂಡಿಗೆ ಬಿತ್ತು. ಸುತ್ತು ತನ್ನ ಬಾಲವನ್ನು ತಾನೇ ಹಿಡಿದು, ಬೆಸುಗೆ ಕಾಣದ ಹಾಗೆ, ಮುಂದೆ ಹೋಯಿತು.

ಸೈಮಿ ಉಸಿರು ಬಿಟ್ಟಳು. "ಮತ್ತೆ ಮೊದಲಿಗೇ," ಎಂದಳು. ಈ ಸಲ ಯಾರ ದನಿಯನ್ನೂ ಅಣಕಿಸಲಿಲ್ಲ. ಊರುಗೋಲು ಊರಿ, ತಂಗಿಯ ತಾಳಕ್ಕೆ ನಡೆದುಹೋದಳು.

*

ಗೋರಿಯ ಗುಂಡಿ ತುಂಬಿ, ಮೇಲೆ ಸ್ಪ್ರೂಸ್ ಮರದ ಕೊಂಬೆ ಹೊದಿಸಿ ಎಲ್ಲರೂ ಸಭಾಂಗಣದಲ್ಲಿ ಸ್ಯಾಂಡ್‌ವಿಚ್ ಕೇಕಿನ ಮುಂದೆ ಸಾಲು ನಿಂತಾಗ ಹಿಲ್ಲಾ ಕೇಳಿದಳು: "ದೊಡ್ಡಮ್ಮ ಎಲ್ಲಿ?"

ತೂರೆಗೆ ಆಗ ನೆನಪಾಯಿತು, ತಾನು ಅದನ್ನು ನಿಲ್ಲಿಸಿಯೇ ಇಲ್ಲ. ಕೋಟನ್ನೂ ಹಾಕದೆ ಹಿಮದಲ್ಲಿ ಓಡಿದ.

ಮೇಣದಬತ್ತಿಗಳು ಆರಿದ್ದವು. ಖಾಲಿ ಬೆಂಚುಗಳ ನಡುವೆ ಸುತ್ತು ಸುತ್ತುತ್ತಲೇ ಇತ್ತು. ಬಾಗಿಲಲ್ಲಿ ಚರ್ಚಿನ ಕಾವಲಿನವನು ಬೀಗದ ಕೈಗಳ ಗೊಂಚಲು ಹಿಡಿದು ನಿಂತಿದ್ದ.

"ಬೀಗ ಹಾಕ್ಬೇಕು. ವಾಪಸ್ ಬಂದು ಕೂತ ಅಜ್ಜಿ ಏಳ್ತಾನೇ ಇಲ್ಲ."

ಮೊದಲ ಬೆಂಚಿನಲ್ಲಿ ಸೈಮಿ, ಊರುಗೋಲಿನ ತಲೆಯನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದಳು.

"ಬನ್ನಿ ಸೈಮಿ, ಕಾಫಿ ಆರುತ್ತೆ."

"ನೀನು ಅದನ್ನ ನಿಲ್ಲಿಸು. ಆಮೇಲೆ ಏಳ್ತೀನಿ."

ಅವನು ಮೇಜಿಗೆ ಹೋದ. ತಿರುವು ಹತ್ತಿರ ಬಂತು.

"ಈ ಸಲ ಬೇಡ," ಎಂದಳು ಸೈಮಿ ಥಟ್ಟನೆ. "ಮುಂದಿನ ಸಲ."

ಮುಂದಿನ ಸಲವೂ ಬಂತು. ಬಾಗಿಲಲ್ಲಿ ಬೀಗದ ಕೈಗಳು ಕಿಣಿಗುಟ್ಟದ ಹಾಗೆ ಕಾವಲಿನವನು ಮುಷ್ಟಿ ಬಿಗಿದ. ತೂರೆಯ ಬೆರಳು ಗುಂಡಿಯ ಮೇಲೆ, ಮುಟ್ಟದೆ, ಗಾಳಿಯಲ್ಲೇ ನಿಂತಿತ್ತು.