ಬಿಸಿಯಾದರೆ ನಿಲ್ಲುವ ಗಾಡಿ

ಮಗಳು ಇನ್ನೊಂದು ಸಲ ಬಲವಾಗಿ ಒದ್ದಳು. ಹಳೇ ಮೋಟಾರ್ ಸೈಕಲ್ಲು ಕೆಮ್ಮಿ, ಮುಗ್ಗರಿಸಿ, ಆಮೇಲೆ ಎಂದಿನ ದಪ್ಪ ದನಿಯಲ್ಲಿ ಓಡತೊಡಗಿತು. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರು ಮಾತು ನಿಲ್ಲಿಸಿ ಅತ್ತ ನೋಡಿದರು. ಗಾಡಿಯ ಯಜಮಾನ ಒಳಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಊರವರ ಬಾಯಲ್ಲಿ ಅವನು ಮ್ಯಾಗ್ನೆಟೊ. ಬ್ಯಾಟರಿ ಇಲ್ಲದ ಕಾಲದ ಗಾಡಿಗಳಲ್ಲಿ ಕಿಡಿ ಹುಟ್ಟಿಸುವ ಡಬ್ಬಿಯ ಹೆಸರೇ ಅವನಿಗೆ ಅಂಟಿಕೊಂಡಿತ್ತು. ಎಂಥ ಹಟಮಾರಿ ಗಾಡಿಯಲ್ಲೂ ಕಿಡಿ ಎಲ್ಲಿ ಕಳೆದಿದೆಯೆಂದು ಹುಡುಕಿ ಕೊಡುತ್ತಿದ್ದ ಮನುಷ್ಯ. ಅವನ ಸ್ವಂತ ಗಾಡಿ ಮಾತ್ರ ಬಿಸಿಯಾದರೆ ನಡುದಾರಿಯಲ್ಲಿ ಕೈಕೊಡುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ ಆ ಸದ್ದು ಕೇಳಿ ಸಂತೋಷವೇನೂ ಆಗಲಿಲ್ಲ. ಹೆಣ ಒಯ್ಯುವ ವ್ಯಾನಿನ ಹಿಂದೆ ಅಪ್ಪನ ಗಾಡಿಯಲ್ಲೇ ಬರುತ್ತೇನೆಂದು ಮಗಳು ಪಟ್ಟು ಹಿಡಿದಿದ್ದಳು. ವ್ಯಾನು ಆಮೆಯ ಹಾಗೆ ಹೋಗುತ್ತದೆ, ಗಾಡಿ ಬಿಸಿಯಾಗಿ ನಿಲ್ಲುತ್ತದೆ. ಅವನು ಸತ್ತ ಮೇಲೂ ನಾವೇ ತಳ್ಳಬೇಕೇನೋ ಎಂದು ಮೈದುನ ಆಗಲೇ ಯಾರ ಹತ್ತಿರವೋ ಹೇಳಿ ನಕ್ಕಾಗಿತ್ತು. ಕೊನೆಯ ದಿನವಾದರೂ ಯಾರೂ ಅವನನ್ನು ನೋಡಿ ನಗಬಾರದು. ರಾತ್ರಿಯೆಲ್ಲ ಕೂತು ಸೊಂಟ ಬಿದ್ದುಹೋಗಿದ್ದ ಅವಳಿಗೆ ಬೇಕಾಗಿದ್ದು ಅಷ್ಟೇ.

ಪಕ್ಕದ ಮೋಟರ್ ವೈಂಡಿಂಗ್ ಅಂಗಡಿಯವನು, ಗಂಡನ ಹಳೇ ಸ್ನೇಹಿತ, ಮೆಲ್ಲಗೆ ಹತ್ತಿರ ಬಂದ.

"ಅತ್ತಿಗೆ, ವ್ಯಾನ್ ಬರೋಕೆ ಇನ್ನೂ ಹೊತ್ತಿದೆ. ಗಾಡಿ ಕಾಯಿಲ್ ಬದಲಾಯಿಸಿಬಿಡ್ಲಾ? ಆಮೇಲೆ ಬಿಸಿಯಾದ್ರೂ ನಿಲ್ಲಲ್ಲ."

"ಯಾವ ಕಾಯಿಲ್?"

"ನಾನೇ ಸುತ್ತಿಕೊಟ್ಟಿದ್ದು. ಮೇಲಿನ ಹಲಗೆ ಮೇಲಿರ್ಬೇಕು."

ಸ್ಟೂಲು ಹತ್ತಿ ಒಂದು ತಗಡಿನ ಡಬ್ಬಿ ಇಳಿಸಿದ. ಒಳಗೆ ಮೇಣದ ಕಾಗದದಲ್ಲಿ ತಾಮ್ರದ ತಂತಿಯ ಕಾಯಿಲ್ಲು, ನಿನ್ನೆ ಸುತ್ತಿದ ಹಾಗೆ ಹೊಳೆಯುತ್ತಿತ್ತು. ಯಾವಾಗಿನದು ಎಂದು ಕೇಳಿದಳು. ನಿಮ್ಮ ಅತ್ತೆ ಬದುಕಿದ್ದ ಕಾಲದ್ದು ಎಂದ.

ಅತ್ತೆ ಹೋಗಿ ಎಷ್ಟು ಕಾಲವಾಯಿತು. ಅಂದರೆ ಗಾಡಿಯ ರೋಗ ಯಾವುದೆಂದು ಗಂಡನಿಗೆ ಗೊತ್ತಿತ್ತು, ಮದ್ದೂ ಮನೆಯಲ್ಲೇ ಇತ್ತು. ಇಷ್ಟು ವರ್ಷ ಸುಮ್ಮನೆ ತನ್ನಿಂದ ತಳ್ಳಿಸಿದನೇ?

*

ಆಗ ಮನೆಯೆಂದರೆ ವರ್ಕ್‌ಶಾಪಿನ ಹಿಂದಿನ ಒಂದು ಕೋಣೆ. ಹಾಸಿಗೆ ಹಿಡಿದ ಅತ್ತೆ, ಹಾಲು ಕುಡಿಯುವ ಮಗು, ಹೊರಗೆ ನೀರು ಕೇಳುವ ಗಿರಾಕಿಗಳು. ಒಬ್ಬರ ಕರೆ ಮುಗಿದರೆ ಇನ್ನೊಬ್ಬರದು. ಸಂಜೆ ಅವಳ ತಂಗಿ ಬಂದು ಮನೆ ನೋಡಿಕೊಳ್ಳುವಾಗ, ಗಂಡ ಕೈ ಒರೆಸಿಕೊಳ್ಳುತ್ತ ಕರೆಯುತ್ತಿದ್ದ: "ಬಾ, ಟ್ರಯಲ್ ನೋಡ್ಬೇಕು. ಕಿಡಿ ನೋಡೋಕೆ ಒಬ್ರು ಬೇಕು."

ಊರಾಚೆಯ ಮೋರಿಯ ಹತ್ತಿರ ಬರುವಷ್ಟರಲ್ಲಿ ಗಾಡಿ ಸತ್ತುಹೋಗುತ್ತಿತ್ತು. ಮೋರಿಯವರೆಗೆ ಇಬ್ಬರೂ ತಳ್ಳುತ್ತಿದ್ದರು. ಅವನು ಪ್ಲಗ್ ಬಿಚ್ಚಿ, ವಯರಿಗೆ ಸಿಕ್ಕಿಸಿ, ಇಂಜಿನ್ನಿನ ಮೇಲೆ ಒರಗಿಸಿ ಒದೆಯುವನು. ಅವಳು ಎರಡೂ ಅಂಗೈಯಿಂದ ಬೆಳಕು ಮರೆಮಾಡಿ ಬಗ್ಗಿ ನೋಡುವಳು.

"ಬಂತಾ?"

"ಇಲ್ಲ."

ತಣ್ಣಗಿದ್ದಾಗ ನೀಲಿ ಕಿಡಿ, ಬಿಸಿಯಾದರೆ ಏನೂ ಇಲ್ಲ. ಆರುವವರೆಗೆ ಕಾಯಬೇಕು ಅಷ್ಟೇ ಎಂದು ಮೋರಿಯ ಕಟ್ಟೆ ತೋರಿಸುತ್ತಿದ್ದ. ಕೂರುತ್ತಿದ್ದರು. ಮಾತು ಇದ್ದರೆ ಮಾತು, ಇಲ್ಲದಿದ್ದರೆ ಇಲ್ಲ. ಒಮ್ಮೊಮ್ಮೆ ಅವಳು ಕೂತಲ್ಲೇ ತೂಕಡಿಸುತ್ತಿದ್ದಳು. ಎಚ್ಚರವಾದಾಗ ಅವನು ಮ್ಯಾಗ್ನೆಟೊದ ಮುಚ್ಚಳದ ಮೇಲೆ ಅಂಗೈ ಇಟ್ಟು, "ಇನ್ನೂ ಬಿಸಿ ಇದೆ" ಎನ್ನುತ್ತಿದ್ದ. ಒಂದು ದಿನ ಅವಳೇ ಮುಟ್ಟಿ ನೋಡಿದಳು. ನೀರಿನ ಕೊಡದಷ್ಟು ತಣ್ಣಗಿತ್ತು. ಪಾಪ, ಸ್ಪ್ಯಾನರ್ ಹಿಡಿದೂ ಹಿಡಿದೂ ಅಂಗೈ ಜಡ್ಡುಗಟ್ಟಿ ಬಿಸಿ ತಂಪು ತಿಳಿಯದಾಗಿದೆ ಎಂದುಕೊಂಡು ಸುಮ್ಮನಾದಳು.

*

ವೈಂಡಿಂಗ್ ಅಂಗಡಿಯವನು ಆಗಲೇ ಸ್ಪ್ಯಾನರ್ ಹುಡುಕುತ್ತಿದ್ದ.

"ಗೊತ್ತಿದ್ದೂ ಯಾಕೆ ಹಾಕ್ಲಿಲ್ಲ ಅವ್ರು?" ಅವಳ ದನಿ ಗಡುಸಾಗಿತ್ತು.

ಅವನು ತಲೆಯೆತ್ತಲಿಲ್ಲ. "ನಾನೂ ಕೇಳಿ ಕೇಳಿ ಸಾಕಾದೆ ಅತ್ತಿಗೆ. ಜನ ಆಡ್ಕೋತಾರೆ ಕಣೋ ಅಂದೆ. ಆಡ್ಕೊಳ್ಳಿ ಬಿಡು ಅಂದ. ಅವಳು ಕೂತ್ಕೊಳ್ಳೋದು ಆ ಮೋರಿ ಕಟ್ಟೆ ಮೇಲೊಂದೇ ಕಡೆ ಅಂದ."

ಅವಳಿಗೆ ಬೆಳಗಿನಿಂದ ಬಾರದ ಅಳು ಈಗ ಬಂತು. ಅಳುತ್ತಲೇ ಡಬ್ಬಿ ಕೈಗೆ ತೆಗೆದುಕೊಂಡು ಮುಚ್ಚಳ ಒತ್ತಿದಳು.

"ಬೇಡ. ಇದ್ದ ಹಾಗೇ ಇರ್ಲಿ."

"ದಾರೀಲಿ ನಿಂತ್ರೆ ಅಮ್ಮ?" ಮಗಳು ಕೇಳಿದಳು. "ಚಿಕ್ಕಪ್ಪ ಆಗಲೇ..."

"ನಿಂತ್ರೆ ನಿಲ್ಲುತ್ತೆ. ನಗೋರು ನಗ್ಲಿ."

ಅವಳು ವ್ಯಾನು ಹತ್ತಲಿಲ್ಲ, ಮಗಳ ಹಿಂದೆ ಕೂತಳು. ಸ್ಮಶಾನದ ಗೇಟಿನವರೆಗೆ ಗಾಡಿ ಹೇಗೋ ಮರ್ಯಾದೆ ಉಳಿಸಿತು. ಮಣ್ಣು ಮಾಡಿ ಎಲ್ಲರೂ ಮನೆಯ ಕಡೆ ತಿರುಗಿದಾಗ, ನೇರ ಹೋಗು ಎಂದು ಮಗಳ ಬೆನ್ನು ತಟ್ಟಿದಳು. ಮನೆಯ ತಿರುವು ಹಿಂದೆ ಉಳಿಯಿತು, ಅಂಗಡಿಸಾಲು ಮುಗಿಯಿತು. ಮೋರಿ ಕಣ್ಣಿಗೆ ಬೀಳುತ್ತಿದ್ದಂತೆ ಇಂಜಿನ್ನು ತಡವರಿಸಿ ನಿಂತಿತು. ಉಳಿದಷ್ಟು ದೂರ ತಾಯಿ ಮಗಳು ತಳ್ಳಿದರು.

ಕಟ್ಟೆಯ ಮೇಲೆ ಕೂತು ಅವಳು ಕಾಲು ಚಾಚಿದಳು. ಮಗಳು ಗಾಡಿಯ ಸುತ್ತ ಸುಳಿದಾಡಿದಳು, ಫೋನು ನೋಡಿದಳು, ಮನೆಗೆ ಬಂದವರೆಲ್ಲ ಕಾಯುತ್ತಿರುತ್ತಾರೆಂದು ನೆನಪಿಸಿದಳು. ಸೂರ್ಯ ಇಳಿಯುವ ಹೊತ್ತಿಗೆ ಮ್ಯಾಗ್ನೆಟೊ ಮುಟ್ಟಿ ನೋಡಿದಳು.

"ಆರಿದೆ ಅಮ್ಮ. ಹೋಗೋಣ್ವಾ?"

ತಾಯಿ ಕೂತಲ್ಲಿಂದಲೇ ಬಗ್ಗಿ ಮುಚ್ಚಳದ ಮೇಲೆ ಅಂಗೈ ಇಟ್ಟಳು. ಕಬ್ಬಿಣ ತಣ್ಣಗೆ ಕೊರೆಯುತ್ತಿತ್ತು.

"ಇನ್ನೂ ಬಿಸಿ ಇದೆ," ಎಂದಳು, ಕೈ ತೆಗೆಯದೆ. "ಕೂತ್ಕೋ."